2.3 ಲಕ್ಷ ಕಿ.ಮೀ. ಓಡಿರೋ ಟರ್ಬೊ ಡೀಸೆಲ್: ರೀಮ್ಯಾಪ್ ಮಾಡಿಸ್ಲಾ, ಬೇಡ್ವಾ?

ಹೆದ್ದಾರಿಹಕ್ಕಿ:

ಗಾಡಿ 2 ಲೀಟರ್ ಕಾಮನ್ ರೈಲ್ ಡೀಸೆಲ್, ಆರು ಗೇರಿನ ಮ್ಯಾನ್ಯುಯಲ್. ಕಂಪನಿ ಲೆಕ್ಕದಲ್ಲಿ 140 ಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್. ಮೀಟರ್ 2,30,000 ದಾಟಿದೆ. ನಾನು ಎರಡನೇ ಓನರ್. ಟೈಮಿಂಗ್ ಬೆಲ್ಟು, ವಾಟರ್ ಪಂಪು ನಾನೇ ಹೊಸದು ಹಾಕಿಸಿದೀನಿ. ಹಳೇ ಓನರ್ ಕೊಟ್ಟ ಫೈಲಲ್ಲಿ ಕ್ಲಚ್ಚಿನ ಬಿಲ್ ಒಂದೂ ಇಲ್ಲ, ಹಾಗಾಗಿ ಫ್ಯಾಕ್ಟರಿಯದೇ ಇರಬೇಕು.

ಒಬ್ಬನೇ ಇದ್ದಾಗ ಏನೂ ತಕರಾರಿಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು, ಎದುರಿಗೆ ಏರು ಅಂದ್ರೆ ಮೂರನೇ ಗೇರಲ್ಲಿ 1800 ಆರ್‌ಪಿಎಂ ಹತ್ರ ಪಿಕಪ್ಪೇ ಇರಲ್ಲ. ಲಾರಿ ಹಿಂದೆ ಹಾಕೋಕೆ ಎರಡು ಸಲ ಯೋಚನೆ ಮಾಡ್ಬೇಕು. ಪೂರ್ತಿ ಒತ್ತಿದ್ರೆ ಕನ್ನಡಿಯಲ್ಲಿ ಸ್ವಲ್ಪ ಕಪ್ಪು ಹೊಗೆ ಕಾಣ್ಸುತ್ತೆ. ಎರಡು ಸರ್ವೀಸ್ ಮಧ್ಯೆ ಅರ್ಧ ಲೀಟರ್ ಆಯಿಲ್ ಮೇಲೆ ಹಾಕ್ಬೇಕಾಗುತ್ತೆ.

ಟ್ಯೂನರ್ ಒಬ್ರು ರೀಮ್ಯಾಪ್ ಮಾಡಿದ್ರೆ, ಅಂದ್ರೆ ಎಂಜಿನ್ ಕಂಪ್ಯೂಟರಿನ (ಇಸಿಯು) ಲೆಕ್ಕ ಬದಲಾಯಿಸಿದ್ರೆ, 175 ಎಚ್‌ಪಿ, 390 ನ್ಯೂಟನ್ ಮೀಟರ್ ಆಗುತ್ತೆ, ಮೈಲೇಜೂ ಏರುತ್ತೆ, ಎರಡು ಗಂಟೆ ಕೆಲಸ ಅಂತಾರೆ. ನಮ್ಮ ಭಾವ ಮಾತ್ರ ಹಳೇ ಎಂಜಿನ್ ಕೆದಕಬೇಡ, ಸಿಲಿಂಡರ್ ಸವೆದು ಬೋರಿಗೆ ಬರುತ್ತೆ ಅಂತ ಒಂದೇ ಹಟ. ಅನುಭವ ಇರೋರು ಹೇಳಿ.

ಟಾರ್ಕ್‌ಪ್ರಿಯ:

ಮಾಡಿಸಿ ಗುರು. ನಂದು 2.6 ಲಕ್ಷಕ್ಕೆ ಮಾಡಿಸಿದ್ದು, ಈಗ್ಲೂ ಜಮ್ಮಂತ ಓಡ್ತಿದೆ. ಮೊದಲೇ ಮಾಡಿಸ್ಬೇಕಿತ್ತು ಅನ್ಸುತ್ತೆ. ಕ್ಲಚ್ ಮಾತ್ರ ಮೊದಲೇ ಬದಲಾಯಿಸಿದ್ದೆ.

ಸ್ಪ್ಯಾನರ್:

ಟಾರ್ಕ್‌ಪ್ರಿಯರ ಕೊನೇ ಸಾಲು ಚಿಕ್ಕದಾಗಿದೆ, ಆದ್ರೆ ಕಥೆ ಇರೋದೇ ಅಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

140ರಿಂದ 175 ಅಂತಿದೀರಿ. ಈಗ ನಿಮ್ಮ ಗಾಡೀಲಿ ಆ 140 ಉಳಿದಿದೆ ಅಂತ ಯಾರು ಅಳೆದಿದ್ದಾರೆ? ಇಷ್ಟು ಓಡಿದ ಡೀಸೆಲ್ ತಗೊಂಡು ಪಿಕಪ್ ಸಾಲ್ದು ಅಂತ ಬರೋರಲ್ಲಿ ಬಹಳ ಜನಕ್ಕೆ ಬೇಕಾಗಿರೋದು ಹೊಸ ಶಕ್ತಿ ಅಲ್ಲ, ಕಳೆದುಹೋದ ಶಕ್ತಿ. ಅದು ಒಂದೇ ದಿನ ಹೋಗಲ್ಲ, ವರ್ಷಗಟ್ಟಲೆ ಚೂರುಚೂರೇ ಸೋರಿರುತ್ತೆ. ಅದರಲ್ಲೂ ನೀವು ಎರಡನೇ ಓನರ್, ಈ ಗಾಡಿ ಹೊಸದ್ರಲ್ಲಿ ಹೇಗೆ ಎಳೀತಿತ್ತು ಅಂತ ನಿಮಗೆ ಗೊತ್ತಾಗೋ ದಾರಿಯೇ ಇಲ್ಲ.

ಸ್ಕ್ಯಾನರ್ ಹಾಕಿ ಲಾಗ್ ತೆಗೀರಿ, ಅಂದ್ರೆ ಓಡುವಾಗ ಸೆನ್ಸರ್‌ಗಳ ಅಂಕಿ ದಾಖಲಿಸಿ. ಖಾಲಿ ರಸ್ತೆ, ಮೂರನೇ ಗೇರು, 1500ರಿಂದ 3500ರವರೆಗೆ ಪೂರ್ತಿ ಒತ್ತಿ. ಪಕ್ಕದಲ್ಲಿ ಒಬ್ರು ಕೂತು ಲ್ಯಾಪ್‌ಟಾಪ್ ನೋಡ್ಕೊಳ್ಳಲಿ. ಇಸಿಯು ಕೇಳಿದ ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಎಷ್ಟು, ಸಿಕ್ಕಿದ್ದೆಷ್ಟು. ಕೇಳಿದ ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಹೋಗೋ ಡೀಸೆಲ್ಲಿನ ಒತ್ತಡ) ಎಷ್ಟು, ಸಿಕ್ಕಿದ್ದೆಷ್ಟು. ಏರ್ ಫ್ಲೋ ಮೀಟರ್ ಎಷ್ಟು ಗಾಳಿ ಎಣಿಸ್ತಿದೆ. ಇಷ್ಟು ಸಾಕು.

ನಿಮ್ಮ ಕಪ್ಪು ಹೊಗೆ ನನಗೆ ಮುಖ್ಯ ಅನ್ಸೋದು ಯಾಕೆ ಅಂದ್ರೆ, ಏರ್ ಫ್ಲೋ ಮೀಟರ್ ಹಳೇದಾದ್ರೆ ಅದು ಸಾಮಾನ್ಯವಾಗಿ ಗಾಳಿ ಕಮ್ಮಿ ತೋರಿಸುತ್ತೆ. ಇಸಿಯು ಅದನ್ನ ನಂಬಿ ಡೀಸೆಲ್ಲೂ ಕಮ್ಮಿ ಬಿಡುತ್ತೆ. ಗಾಡಿ ಸಪ್ಪೆ, ಆದ್ರೆ ಹೊಗೆ ಇರಲ್ಲ. ಅದೇ ಇಂಟರ್‌ಕೂಲರ್ (ಟರ್ಬೊದಿಂದ ಬರೋ ಗಾಳಿ ತಂಪು ಮಾಡೋದು) ಹೋಸ್ ಎಲ್ಲೋ ಸೀಳಿದ್ರೆ ಉಲ್ಟಾ. ಮೀಟರ್ ಗಾಳಿ ಎಣಿಸಿಬಿಟ್ಟಿರುತ್ತೆ, ಆಮೇಲೆ ದಾರೀಲಿ ಅದು ಹೊರಗೆ ಹೋಗುತ್ತೆ. ಲೆಕ್ಕಕ್ಕೆ ತಕ್ಕ ಡೀಸೆಲ್ ಸಿಲಿಂಡರ್‌ಗೆ ಬರುತ್ತೆ, ಗಾಳಿ ಬರಲ್ಲ. ಗಾಡಿ ಸಪ್ಪೆ, ಜೊತೆಗೆ ಕಪ್ಪು ಹೊಗೆ. ಇಂಥ ಗಾಡಿಗೆ ರೀಮ್ಯಾಪ್ ಮಾಡಿಸೋದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಕಮ್ಮಿ ಬಿದ್ದ ಬೂಸ್ಟ್ ತುಂಬೋಕೆ ಟರ್ಬೊ ಇನ್ನೂ ಜೋರಾಗಿ ತಿರುಗುತ್ತೆ. ಈ ಸೈಜಿನ ಟರ್ಬೊ ಮೊದಲೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ರ ಓಡೋ ಸಾಮಾನು.

ಆಮೇಲೆ ಟರ್ಬೊದ ವೇನ್‌ಗಳು, ಅಂದ್ರೆ ಎಕ್ಸಾಸ್ಟ್ ಗಾಳಿಯ ದಾರಿ ಹಿಗ್ಗಿಸಿ ಕುಗ್ಗಿಸೋ ರೆಕ್ಕೆಗಳು. ಮಸಿ ಕಟ್ಟಿ ಹಿಡ್ಕೊಂಡ್ರೆ ಎರಡು ಥರ ಆಗುತ್ತೆ: ತೆರೆದು ನಿಂತ್ರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಇಲ್ಲ, ಮುಚ್ಚಿ ನಿಂತ್ರೆ ಬೂಸ್ಟ್ ಮಿತಿಮೀರಿ ಗಾಡಿ ಲಿಂಪ್ ಮೋಡಿಗೆ (ಎಂಜಿನ್ ಉಳಿಸೋಕೆ ಇಸಿಯು ಶಕ್ತಿ ಕಡಿಮೆ ಮಾಡೋ ಸ್ಥಿತಿ) ಹೋಗುತ್ತೆ. ಇಂಜೆಕ್ಟರ್‌ಗಳಿಗೆ ಲೀಕ್-ಆಫ್ ಟೆಸ್ಟ್ ಮಾಡಿಸಿ, ನಾಲ್ಕು ಬಾಟಲಿ ಕಟ್ಟಿ ರಿಟರ್ನ್ ಡೀಸೆಲ್ ಹೋಲಿಸೋದು, ಅಷ್ಟೇ. ಒಂದೇ ಬಾಟಲಿ ಬೇಗ ತುಂಬಿದ್ರೆ ಅಲ್ಲಿಗೆ ರೀಮ್ಯಾಪ್ ಮಾತು ನಿಲ್ಲಿಸಿ. ಸವೆದ ಇಂಜೆಕ್ಟರ್ ಮೇಲೆ ಡೀಸೆಲ್ ಏರಿಸಿದ್ರೆ ಪಿಸ್ಟನ್ ತಲೆ ಕರಗಬಹುದು, ಉತ್ಪ್ರೇಕ್ಷೆ ಅಲ್ಲ.

ಅರ್ಧ ಲೀಟರ್ ಆಯಿಲ್ ನನ್ನ ಲೆಕ್ಕದಲ್ಲಿ ಗಾಬರಿ ಬೀಳೋ ವಿಷಯ ಅಲ್ಲ, ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿರಬೇಕು ಅಷ್ಟೇ. ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ಒಳಗೆ ತೆಳ್ಳಗೆ ಎಣ್ಣೆ ಪಸೆ ಇದ್ರೆ ಮಾಮೂಲಿ. ಕೆಳಗೆ ನಿಂತಿದ್ರೆ ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಕೂದಲೆಳೆ ಅಲ್ಲಾಡಬಹುದು, ಹಿಂದೆಮುಂದೆ ಆಡಬಾರದು. ಭಾವನ ಬೋರ್ ಅನುಮಾನಕ್ಕೆ ಕಂಪ್ರೆಷನ್ ಟೆಸ್ಟೇ (ಸಿಲಿಂಡರ್ ಒತ್ತಡ ಹಿಡಿಯುತ್ತಾ ಅಂತ ನೋಡೋದು) ಉತ್ತರ. ಅವರ ಜೊತೆ ವಾದ ಬೇಡ, ಆ ಚೀಟಿ ತೋರಿಸಿ.

ಎಲ್ಲ ಸರಿ ಇದ್ರೆ 2.3 ಲಕ್ಷ ಅನ್ನೋ ಅಂಕಿಗೆ ಹೆದರೋದು ಬೇಡ. ಹೈವೇಲಿ ಬೆಚ್ಚಗೆ ಓಡಿದ 2.3 ಲಕ್ಷ, ಊರೊಳಗೆ ತಣ್ಣಗೇ ಸ್ಟಾರ್ಟ್ ಮಾಡಿ ನಿಲ್ಲಿಸಿದ 80 ಸಾವಿರಕ್ಕಿಂತ ಎಷ್ಟೋ ವಾಸಿ. ರೀಮ್ಯಾಪಲ್ಲಿ ಲಾಭ ಇಲ್ಲ ಅಂತಾನೂ ನಾನು ಹೇಳಲ್ಲ. 2000 ಆರ್‌ಪಿಎಂನಲ್ಲಿ 320 ನ್ಯೂಟನ್ ಮೀಟರ್ ಅಂದ್ರೆ ಸುಮಾರು 90 ಎಚ್‌ಪಿ, 390 ಅಂದ್ರೆ ಸುಮಾರು 110. ನಿಮ್ಮ ಲಾರಿ ಹಿಂದೆ ಹಾಕೋ ಜಾಗದಲ್ಲೇ 20 ಎಚ್‌ಪಿ ಜಾಸ್ತಿ, ಕಾಲಿಗೇ ಗೊತ್ತಾಗುತ್ತೆ.

ಆದ್ರೆ ಡೀಸೆಲ್ ಗುಣ ಬೇರೆ. ಪೆಟ್ರೋಲಲ್ಲಿ ಇಂಧನ ಹೆಚ್ಚಾದ್ರೆ ಒಳಗೆ ತಂಪು, ಡೀಸೆಲಲ್ಲಿ ಇಂಧನ ಹೆಚ್ಚಾದಷ್ಟೂ ಬಿಸಿ. ಹತ್ತು ಸೆಕೆಂಡಿನ ಓವರ್‌ಟೇಕ್ ಎಂಜಿನ್ ತಡ್ಕೊಳ್ಳುತ್ತೆ. ತುಂಬಿದ ಗಾಡೀಲಿ ಇಪ್ಪತ್ತು ನಿಮಿಷ ಏರು ಹತ್ತೋದು ಹಾಗಲ್ಲ, ಎಕ್ಸಾಸ್ಟ್ 700 ಡಿಗ್ರಿ ದಾಟಿ ಅಲ್ಲೇ ನಿಂತ್ರೆ ಟರ್ಬೊ, ಪಿಸ್ಟನ್ ಎರಡಕ್ಕೂ ಕಷ್ಟ. ನಿಮಗೆ ಶಕ್ತಿ ಬೇಕಾಗಿರೋದೂ ಅಂಥ ಏರಲ್ಲೇ. ಅದಕ್ಕೆ 390 ಕೇಳಬೇಡಿ, 360 ಕೇಳಿ. 1800ಕ್ಕಿಂತ ಕೆಳಗೆ ಟಾರ್ಕ್ ಏರಿಸಬೇಡಿ ಅಂತ ಬಾಯಿಬಿಟ್ಟು ಹೇಳಿ. ಅದು ಕನೆಕ್ಟಿಂಗ್ ರಾಡಿಗೂ ಕ್ಲಚ್ಚಿಗೂ ಬೀಳೋ ಪೆಟ್ಟು. ಲಾಗ್ ನೋಡದೆ ಫೈಲ್ ಸುರಿದು ಎರಡು ಗಂಟೇಲಿ ಕಳಿಸೋ ಟ್ಯೂನರ್ ಹತ್ರ ಹೋಗಲೇಬೇಡಿ.

ಇನ್ನು ಟಾರ್ಕ್‌ಪ್ರಿಯರ ಆ ಕೊನೇ ಸಾಲು: ಟಾರ್ಕ್ ಏರಿದ್ರೆ ಸವೆದ ಕ್ಲಚ್ ತಡೀದೆ ಜಾರುತ್ತೆ. ನಿಮ್ಮ ಕ್ಲಚ್ ನೀವೇ ನೋಡಬಹುದು. ಐದನೇ ಗೇರು, 2000 ಆರ್‌ಪಿಎಂ, ಏರು, ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹಾರಿದ್ರೆ ಕ್ಲಚ್ ಮುಗೀತು.

ಹಳೇಪಂಪು:

ಸ್ಪ್ಯಾನರ್ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. ರೀಮ್ಯಾಪ್ ದುಬಾರಿ ಅಂತ ರೈಲ್ ಸೆನ್ಸರ್‌ಗೆ ಸಿಕ್ಕಿಸೋ ಬಾಕ್ಸ್ ತಗೋಬೇಡಿ. ಅದು ರೈಲ್ ಪ್ರೆಷರ್ ಕಮ್ಮಿ ಇದೆ ಅಂತ ಇಸಿಯುಗೆ ಸುಳ್ಳು ಹೇಳುತ್ತೆ, ಪಂಪು ಹೆಚ್ಚು ಒತ್ತುತ್ತೆ. ನಿಜವಾಗಿ ಎಷ್ಟು ಡೀಸೆಲ್ ಹೋಗ್ತಿದೆ ಅಂತ ಇಸಿಯುಗೇ ಗೊತ್ತಿರಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತೆಗೆದ್ರೆ ಇನ್ನೂ ಪವರ್ ಬರುತ್ತೆ ಅನ್ನೋರ ಮಾತೂ ಕೇಳಬೇಡಿ. ಹೊಗೆ ತಪಾಸಣೆ, ಇನ್ಶೂರೆನ್ಸ್ ಎರಡರಲ್ಲೂ ಸಿಕ್ಕಿಬೀಳ್ತೀರಿ.

ಮೈಲೇಜ್ ಏರುತ್ತೆ ಅನ್ನೋದನ್ನ ಡ್ಯಾಶ್‌ಬೋರ್ಡ್ ನೋಡಿ ನಂಬಬೇಡಿ. ಆ ಅಂಕಿ ಇಸಿಯು ಲೆಕ್ಕ, ಟ್ಯೂನರ್ ಕೈಯಾಡಿಸಿದ್ದೂ ಅದೇ ಲೆಕ್ಕದಲ್ಲಿ. ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಅಳೀರಿ.

ಹೆದ್ದಾರಿಹಕ್ಕಿ:

ಲಾಗ್ ತೆಗೆದೆ. 2500 ಆರ್‌ಪಿಎಂನಲ್ಲಿ ಕೇಳಿದ್ದು 2400 ಮಿಲಿಬಾರ್, ಸಿಕ್ಕಿದ್ದು 2050. ರೈಲ್ ಪ್ರೆಷರ್ ಕೇಳಿದಷ್ಟೇ ಇದೆ. ಗಾಡಿ ಮೇಲೆತ್ತಿ ನೋಡಿದ್ರೆ ಇಂಟರ್‌ಕೂಲರ್ ಕೆಳಗಿನ ಹೋಸು ಕ್ಲಾಂಪ್ ಹತ್ರ ಸೀಳಿದೆ, ಸುತ್ತ ಎಣ್ಣೆ ಮೆತ್ತಿದೆ. ಹೊಸ ಹೋಸ್ ಹಾಕಿದ ಮೇಲೆ 2370 ಬರ್ತಿದೆ. ಹೊಗೆ ಇಲ್ಲ. ಇಂಜೆಕ್ಟರ್ ನಾಲ್ಕೂ ಸಮ ಇವೆ, ಕಂಪ್ರೆಷನ್ ಚೀಟಿ ನೋಡಿ ಭಾವ ಸುಮ್ಮನಾದ್ರು.

ತಮಾಷೆ ಅಂದ್ರೆ, ಎಳೆತ ವಾಪಸ್ ಬಂತು ಅಂತ ಖುಷಿಪಡೋ ಹೊತ್ತಿಗೆ ಐದನೇ ಗೇರಲ್ಲಿ ಕ್ಲಚ್ ಸ್ಲಿಪ್ ಆಗೋಕೆ ಶುರುವಾಯ್ತು! ಇಷ್ಟು ದಿನ ಬೂಸ್ಟೇ ಇಲ್ದೆ ಅದು ಬಚಾವಾಗಿತ್ತು ಅನ್ಸುತ್ತೆ. ರೀಮ್ಯಾಪ್ ಈಗ ಬೇಕು ಅಂತ ಅನ್ನಿಸ್ತಿಲ್ಲ, ಆದ್ರೆ ಮುಂದಿನ ವರ್ಷ ಆಸೆ ಹುಟ್ಟಿದ್ರೆ? ಕ್ಲಚ್ ಮಾಮೂಲಿದು ಹಾಕಿಸ್ಲಾ, ಹೆಚ್ಚು ಟಾರ್ಕ್ ತಡೆಯೋದಾ?

ಸ್ಪ್ಯಾನರ್:

ಈಗಲೇ ಹೆಚ್ಚು ತಡೆಯೋದು ಹಾಕಿಸಿ. ದುಡ್ಡು ಹೋಗೋದು ಗೇರ್‌ಬಾಕ್ಸ್ ಇಳಿಸೋ ಕೂಲಿಗೆ, ಅದನ್ನ ಎರಡು ಸಲ ಯಾಕೆ ಕೊಡ್ತೀರಿ? 400 ನ್ಯೂಟನ್ ಮೀಟರ್ ಆಸುಪಾಸು ತಡೆಯೋ ಆರ್ಗ್ಯಾನಿಕ್ ಪ್ಲೇಟ್ ಸಾಕು. ರೇಸಿಗೆ ಅಂತ ಮಾಡಿದ್ದು ತಗೊಂಡ್ರೆ ಟ್ರಾಫಿಕ್ಕಲ್ಲಿ ಎಡಗಾಲು ಶಾಪ ಹಾಕುತ್ತೆ. ಡ್ಯುಯಲ್ ಮಾಸ್ ಫ್ಲೈವೀಲು (ಕ್ಲಚ್ ಕೂರೋ, ಎಂಜಿನ್ ಅದುರು ಹೀರೋ ಚಕ್ರ) ಇಷ್ಟು ಓಡಿದ ಮೇಲೆ ಹಳೇದೇ ಉಳಿಸ್ಕೊಳ್ಳೋದು ಬೇಡ, ಎಂಜಿನ್ ಆಫ್ ಮಾಡುವಾಗ ಕಟಕಟ ಸದ್ದು ಬರ್ತಿದ್ರಂತೂ ಖಂಡಿತ ಬೇಡ. ರಿಲೀಸ್ ಬೇರಿಂಗ್ ಹೊಸದು. ಗೇರ್‌ಬಾಕ್ಸ್ ಕೆಳಗಿದ್ದಾಗ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಬದಲಾಯಿಸಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಅದು ಸೋರಿದ್ರೆ ಹೊಸ ಪ್ಲೇಟಿಗೆ ಎಣ್ಣೆ ಕುಡಿಸುತ್ತೆ. ಹೇಳದಿದ್ರೆ ಬಹಳಷ್ಟು ಜನ ಹಳೇದನ್ನೇ ಬಿಟ್ಟು ಮುಚ್ಚಿಬಿಡ್ತಾರೆ.