ಗೋಳಗಳ ಪಾಠ: ಏಳನೇ ಕ್ಲಾಸಿಗೆ ಯಾವ ಪ್ರಯೋಗ? ಮಾಡಿಸಿದವರು ಹೇಳಿ

ಪ್ರಶ್ನೆ: ಭೂಮಿಯ ನಾಲ್ಕು ಗೋಳ, ಅಂದ್ರೆ ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಅಂತ ಮಕ್ಕಳು ಉರು ಹೊಡೆದಿದ್ದಾರೆ. ಒಂದರಿಂದ ಇನ್ನೊಂದು ಬದಲಾಗುತ್ತೆ ಅನ್ನೋದು ತಲೆಗೆ ಹೋಗ್ತಿಲ್ಲ. 40 ನಿಮಿಷದ ಪೀರಿಯಡ್, ಲ್ಯಾಬ್ ಇಲ್ಲ. ಮುಚ್ಚಿದ ಬಾಟಲಿಯಲ್ಲಿ ಗಿಡ ಇಟ್ಟರೆ ಸಾಕಾ?

ಬಯಲುಸೀಮೆ ಮೇಷ್ಟ್ರು: ಬಾಟಲಿ ಗಿಡ ಬಿಡಿ. ಒಂದು ಚಮಚ ನೀರು ಹೆಚ್ಚಾದ್ರೆ ಬೂಷ್ಟು, ಬಿಸಿಲಿಗಿಟ್ಟರೆ ಗಿಡ ಬೆಂದುಹೋಗುತ್ತೆ. ಮಣ್ಣಿನ ಸವೆತ ಮಾಡಿಸಿ. 2 ಲೀಟರಿನ ಮೂರು ಬಾಟಲಿ ಅಡ್ಡ ಮಲಗಿಸಿ, ಮೇಲ್ಭಾಗ ಕೊಯ್ದು, ಮಣ್ಣು ಒತ್ತಿ ತುಂಬಿ. ಒಂದು ಬರೀ ಮಣ್ಣು, ಒಂದಕ್ಕೆ ತರಗೆಲೆ, ಒಂದಕ್ಕೆ ಒತ್ತಾಗಿ ರಾಗಿ. ರಾಗಿಗೆ 10–12 ದಿನ ಕೊಡಲೇಬೇಕು, ಬೇರು ಹೆಣೆಯದಿದ್ದರೆ ಅದರಲ್ಲೂ ಬರೀ ಮಣ್ಣಿನಂತೆಯೇ ಕೆಂಪು ನೀರು. ಮಗ್‌ನಿಂದ ಸುರಿಯಬೇಡಿ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿದ ಬಾಟಲಿಯಿಂದ ತಲಾ ಅರ್ಧ ಲೀಟರ್. ಮೂರರ ಬಾಯಿಂದ ಹರಿದು ಬರೋ ನೀರು ಹೋಲಿಸಿ. ಮಣ್ಣು ಸಡಿಲವಿದ್ದರೆ ನೀರು ಪ್ಲಾಸ್ಟಿಕ್ ಗೋಡೆಗುಂಟ ಇಳಿದು ಲೆಕ್ಕ ಕೆಡಿಸುತ್ತೆ. ಆಮೇಲೆ ತುಂಗಭದ್ರಾ ಜಲಾಶಯ ಹೇಳಿ: ಕಟ್ಟಿದಾಗ ಸುಮಾರು 133 ಟಿಎಂಸಿ, ಹೂಳು ತುಂಬಿ ಈಗ 105ರ ಆಸುಪಾಸು.

ಸುಣ್ಣದ ತಿಳಿ: 12 ದಿನ ಕಾಯೋಕೆ ಯಾರಿಗೆ ಪುರುಸೊತ್ತು? ಅದರಲ್ಲಿ ಗಾಳಿಯ ಪಾತ್ರವೇ ಇಲ್ಲ. ನಾಲ್ಕೂ ಒಂದೇ ಲೋಟದಲ್ಲಿ ಸಿಗುತ್ತೆ. ಎಲೆಗೆ ಹಚ್ಚೋ ಸುಣ್ಣ ಒಂದು ಚಮಚ, ನೀರು 1 ಲೀಟರ್, ಕುಲುಕಿ ರಾತ್ರಿಯಿಡೀ ಮುಚ್ಚಿಡಿ. ಲೀಟರಿಗೆ ಎರಡು ಗ್ರಾಮ್ ಕೂಡ ಕರಗಲ್ಲ, ಹೆಚ್ಚು ಹಾಕಿ ದುಡ್ಡು ದಂಡ ಮಾಡಬೇಡಿ. ತೆರೆದಿಟ್ಟರೆ ಗಾಳಿಯಿಂದಲೇ ಮೇಲೆ ಬಿಳಿ ಕೆನೆ ಕಟ್ಟುತ್ತೆ. ತಿಳಿ ಬಸಿದು ಅದರ ಹಲವು ಪಟ್ಟು ನೀರು ಬೆರೆಸಿ, ಸ್ಟ್ರಾದಲ್ಲಿ ಊದಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಹಾಲಿನಂತಾಗುತ್ತೆ, ಅದು ಸುಣ್ಣಕಲ್ಲೇ. ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತೆ. ಯಾಣದ ಸುಣ್ಣಕಲ್ಲನ್ನು ಮಳೆನೀರು ಕೊರೆದದ್ದು ಹೀಗೇ. ಆ ತಿಳಿ ಕುದಿಸಿದರೆ ಬೋರ್‌ವೆಲ್ ನೀರಿನಂತೆ ಪಾತ್ರೆಗೆ ಬಿಳಿ ಕರೆ. ನೀರು ಬೆರೆಸದವರು ‘ತಿಳಿಯಾಗಲೇ ಇಲ್ಲ’ ಅಂತ ಪ್ರಯೋಗವನ್ನೇ ಬೈತಾರೆ.

ಕರಾವಳಿ ಟೀಚರ್: ಸರ್, ಹನ್ನೆರಡು ವರ್ಷದ ಮಕ್ಕಳ ಬಾಯಿಗೆ ಸುಣ್ಣದ ನೀರಾ? ಒಬ್ಬ ಹೀರಿಕೊಂಡರೆ ಬಾಯಿ ಸುಡುತ್ತೆ, ಕಣ್ಣಿಗೆ ಸಿಡಿದರೆ ಇನ್ನೂ ಕಷ್ಟ. ಬ್ರೆಡ್ಡಿನ ಯೀಸ್ಟ್ ಒಂದು ಚಮಚ, ಸಕ್ಕರೆ ಎರಡು, ಉಗುರುಬೆಚ್ಚಗಿನ ನೀರು 200 ಮಿಲಿ ಬಾಟಲಿಗೆ ಹಾಕಿ, ಉಸಿರಿನಲ್ಲಿರೋ ಅದೇ ಗಾಳಿ ಯೀಸ್ಟೇ ಬಿಡುತ್ತೆ. ಮುಚ್ಚಳಕ್ಕೆ ಹೊಸ ಸಲೈನ್ ನಳಿಗೆ ತೂರಿಸಿ, ಸಂದಿಗೆ ಎಂ-ಸೀಲ್, ತುದಿ ಸುಣ್ಣದ ತಿಳಿಯಲ್ಲಿ. ಕ್ಲಾಸಿಗೆ ಅರ್ಧ ಗಂಟೆ ಮುಂಚೆ ಕಲಸಿಡಿ. ಕುದಿನೀರು ಹಾಕಿದರೆ ಯೀಸ್ಟ್ ಸಾಯುತ್ತೆ.

ಸುಣ್ಣದ ತಿಳಿ: ಯೀಸ್ಟ್, ನಳಿಗೆ, ಎಂ-ಸೀಲ್... ಕೇಳಿದ್ದು ಲ್ಯಾಬ್ ಇಲ್ಲದ ಶಾಲೆಯವರು, ಮೇಡಂ. ಮೇಷ್ಟ್ರೇ ಮುಂದೆ ನಿಂತು ಊದಲಿ, ಕನ್ನಡಕ ಹಾಕ್ಕೊಂಡು.

ಬಯಲುಸೀಮೆ ಮೇಷ್ಟ್ರು: ಊದೋದು ನೋಡಿ ‘ಮ್ಯಾಜಿಕ್’ ಅಂತಾರೆ, ಅಷ್ಟೇ. ಮಣ್ಣು ಕಣ್ಣಿಗೆ ಕಾಣುತ್ತೆ. ಮಣ್ಣು ಶಿಲಾಗೋಳ, ರಾಗಿ ಜೀವಗೋಳ, ಸ್ಪಷ್ಟ.

ಕರಾವಳಿ ಟೀಚರ್: ಮಣ್ಣು ಬರೀ ಶಿಲಾಗೋಳ ಅಂತ ಯಾರು ಹೇಳಿದ್ದು? ಒಳ್ಳೆ ಮಣ್ಣಿನ ಗಾತ್ರದಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿ ಮತ್ತು ನೀರು. ಒಣ ಹೆಂಟೆಯನ್ನು ಲೋಟದ ನೀರಿಗೆ ಹಾಕಿ, ಗುಳ್ಳೆ ನೋಡಿ. ಪ್ರಶ್ನೆ ಕೇಳಿದವರು ಇದರಿಂದಲೇ ಶುರು ಮಾಡಬಹುದು, ಖರ್ಚು ಸೊನ್ನೆ.

ಬಯಲುಸೀಮೆ ಮೇಷ್ಟ್ರು: ಪರೀಕ್ಷೆಯಲ್ಲಿ ‘ಮಣ್ಣು ನಾಲ್ಕೂ ಗೋಳ’ ಅಂತ ಬರೆದ ಮಗುವಿಗೆ ಮಾರ್ಕ್ಸ್ ನೀವು ಕೊಡ್ತೀರಾ?

ಕರಾವಳಿ ಟೀಚರ್: ಕೊಡ್ತೀನಿ. ಪೂರ್ತಿ.