ಪದಚರ್ಚೆ: "ವಾಲ್ವ್ ತೆಗೆಯಿರಿ" ಅಂದ್ರೆ ತೆರೆಯೋದಾ, ಬಿಚ್ಚೋದಾ?

ಎಲ್ರಿಗೂ ನಮಸ್ಕಾರ. ಪೆಟ್ರೋಲ್ ಎಂಜಿನ್ ಇರೋ ಏರ್ ಕಂಪ್ರೆಸರ್ ಇರುತ್ತಲ್ಲ, ಗಾಳೀನ ಅದುಮಿ ಟ್ಯಾಂಕಿಗೆ ತುಂಬೋ ಮಷೀನು, ಚಕ್ರದ ಮೇಲೆ ತಳ್ಕೊಂಡು ಹೋಗೋ ಥರದ್ದು, ಅದರ ಬಳಕೆ ಕೈಪಿಡೀನ ಇಂಗ್ಲಿಷಿಂದ ಕನ್ನಡಕ್ಕೆ ತರ್ತಾ ಇದ್ದೀನಿ. ಶುರು ಮಾಡುವಾಗ ನನ್ನ ಭಯ ಎಲ್ಲ ಕಂಪ್ರೆಸರಿಗೆ ಸಂಪೀಡಕ ಅನ್ಬೇಕಾ, ರೆಗ್ಯುಲೇಟರಿಗೆ ನಿಯಂತ್ರಕ ಅನ್ಬೇಕಾ ಅಂತ ಇತ್ತು. ಅದೆಲ್ಲ ಹೇಗೋ ಆಗುತ್ತೆ ಬಿಡಿ, ಕಂಪ್ರೆಸರ್ ಅಂತಾನೇ ಬರೆದ್ರೆ ಯಾರಿಗೂ ಕಷ್ಟ ಇಲ್ಲ. ಈಗ ನಿದ್ದೆ ಕೆಡಿಸ್ತಿರೋದು "ತೆಗೆ" ಅನ್ನೋ ನಮ್ಮ ದಿನಬಳಕೆಯ ಪದ.

ನಾನು ಬರೆದಿದ್ದ ವಾಕ್ಯ ಇದು: "ಪ್ರತಿದಿನ ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿರುವ ಡ್ರೈನ್ ವಾಲ್ವ್ ತೆಗೆದು ನೀರನ್ನು ಬಿಡಿ." ನೋಡೋಕೆ ಸರಿಯಾಗೇ ಇದೆ. ಇಂಥ ಮಷೀನ್ ಜೊತೆ ತುಂಬಾ ವರ್ಷ ಕೆಲಸ ಮಾಡಿರೋ ಒಬ್ರಿಗೆ ಓದಿ ಹೇಳ್ದೆ, ಅವರು "ತೆಗೆದು ಅಂದ್ರೆ ಪೂರ್ತಿ ಬಿಚ್ಚಿ ಕೈಗೆ ತಗೋಬೇಕಾ, ಮತ್ತೆ ಹಾಕೋದು ಯಾವಾಗ ಅಂತ ಬರೆದಿಲ್ವಲ್ಲ" ಅಂದ್ರು. ನಕ್ಕೆ, ಆಮೇಲೆ ನಗು ನಿಂತೋಯ್ತು. ಯಾಕಂದ್ರೆ ಟ್ಯಾಂಕಲ್ಲಿ 100 ಪಿಎಸ್ಐ, ಅಂದ್ರೆ ಹತ್ತಿರ ಹತ್ತಿರ 7 ಬಾರ್ (ಎರಡೂ ಒತ್ತಡದ ಅಳತೆಗಳು) ಗಾಳಿ ಇರುವಾಗ ಯಾರಾದ್ರೂ ಹೊಸಬರು ಕೆಳಗೆ ಬಗ್ಗಿ ಸ್ಪ್ಯಾನರ್ ಹಾಕಿ ಆ ವಾಲ್ವನ್ನ ಬಿಚ್ಚೋಕೆ ಹೋದ್ರೆ ಕೊನೇ ಸುತ್ತಲ್ಲಿ ಅದು ಗುಂಡಿನ ಹಾಗೆ ಹಾರುತ್ತೆ, ಮುಖ ಎಲ್ಲಿರುತ್ತೆ ಅಂತ ನೀವೇ ಯೋಚಿಸಿ.

ಅವರು ಹೇಳಿದ ಸರಿಯಾದ ರೀತಿ ಏನಂದ್ರೆ, ಮೊದ್ಲು ಎಂಜಿನ್ ಆಫ್ ಮಾಡ್ಬೇಕು, ಗಾಳೀನ ಮೇಲಿಂದ ಇಳಿಸ್ತಾ ಗೇಜಲ್ಲಿ ಮುಳ್ಳು 10 ಪಿಎಸ್ಐ ಹತ್ರ ಬರೋವರೆಗೂ ಕಾಯ್ಬೇಕು, ಆಮೇಲೆ ಕೆಳಗಿನ ವಾಲ್ವನ್ನ ನಿಧಾನಕ್ಕೆ ತಿರುಗಿಸಿ ಸಡಿಲ ಮಾಡ್ಬೇಕು, ಉಳಿದಿರೋ ಚೂರು ಗಾಳೀನೇ ನೀರನ್ನ ಹೊರಗೆ ತಳ್ಳುತ್ತೆ. ಈ ನೀರು ಎಲ್ಲಿಂದ ಬಂತು ಅಂತ ನಂಗೂ ಮೊದ್ಲು ಗೊತ್ತಿರ್ಲಿಲ್ಲ. ಹೊರಗಿನ ಗಾಳೀಲಿರೋ ತೇವ ಅದು, ಗಾಳೀನ ಅದುಮಿ ತುಂಬಿದಾಗ ಬಿಸಿಯಾಗುತ್ತೆ, ಟ್ಯಾಂಕಿಗೆ ಬಂದು ತಣ್ಣಗಾದಾಗ ತೇವ ನೀರಾಗಿ ತಳಕ್ಕೆ ಇಳಿಯುತ್ತೆ. ಅಲ್ಲೇ ಬಿಟ್ರೆ ಒಳಗಿಂದ ತುಕ್ಕು, ಹೊರಗೆ ಪೇಂಟ್ ಫಳಫಳ ಅಂತಿರುತ್ತೆ, ತಗಡು ಒಳಗೊಳಗೇ ತೆಳುವಾಗ್ತಾ ಹೋಗುತ್ತೆ, ಒಂದಿನ ಟ್ಯಾಂಕ್ ತೂತಾಗುತ್ತೆ, ಇಲ್ಲಾ ಸಿಡಿಯುತ್ತೆ. ಹಾಗೆ ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಹಾಕಿ ಮತ್ತೆ ಬಳಸೋ ಹಾಗಿಲ್ಲ, ಟ್ಯಾಂಕೇ ಬದಲಾಯಿಸ್ಬೇಕು. ಇಷ್ಟು ಮುಖ್ಯವಾದ ವಾಕ್ಯದಲ್ಲಿ ಕ್ರಿಯಾಪದ ಎರಡರ್ಥ ಕೊಟ್ರೆ ಏನ್ ಮಾಡೋದು.

ಈಗ ಪದದ ವಿಷ್ಯ. ತೆಗೆ ಅಂದ್ರೆ ಹಳೇ ಅರ್ಥ ಎಳೆ, ಹೊರಗೆ ಮಾಡು, ತಗೋ ಅಂತ. ತೆರೆಯೋದಕ್ಕೆ ಬೇರೆ ಪದಾನೇ ಇತ್ತು, ತೆಱೆ, ಶಕಟರೇಫ ಅನ್ನೋ ಹಳೇ ಅಕ್ಷರ ಱ ಇರೋದು, ತಮಿಳಿನ ತಿಱ ಅದರ ಸಂಬಂಧೀನೇ. ಅಲೆ, ಪರದೆ ಅನ್ನೋ ಅರ್ಥದ ತೆರೆ ಸಾಮಾನ್ಯ ರ ಇರೋ ಬೇರೆ ಪದ. ಱ ಹೋದ್ಮೇಲೆ ಎರಡೂ ಒಂದೇ ಥರ ಆಗಿಬಿಟ್ವು (ತೆರೆ ಎಳೆದ್ರೆ ಮುಚ್ಚಿದ ಹಾಗೆ, ತೆರೆದ್ರೆ ಬಿಚ್ಚಿದ ಹಾಗೆ, ಇದೊಂದು ತಮಾಷೆ). ಮಾತಲ್ಲಿ ಮಾತ್ರ ನಮ್ಮಲ್ಲಿ ತುಂಬಾ ಜನ ತೆರಿ ಅನ್ನೋದೇ ಇಲ್ಲ, "ಬಾಗ್ಲು ತೆಗಿ", "ಕಣ್ಣು ತೆಗಿ", "ಬೀಗ ತೆಗಿ" ಅಂತೀವಿ. ಬಾಗ್ಲು ತೆಗಿ ಅಂದ್ರೆ ಯಾರೂ ಬಾಗ್ಲನ್ನ ಕಿತ್ತು ಪಕ್ಕಕ್ಕೆ ಇಡಲ್ಲ, ಆದ್ರೆ "ಮುಚ್ಚಳ ತೆಗಿ" ಅಂದ್ರೆ ಕಿತ್ತು ಪಕ್ಕಕ್ಕೇ ಇಡ್ತೀವಿ. ವಾಲ್ವ್ ಬಾಗ್ಲಿನ ಜಾತೀನಾ ಮುಚ್ಚಳದ ಜಾತೀನಾ ಅನ್ನೋದು ಓದೋನಿಗೆ ಮೊದ್ಲೇ ಗೊತ್ತಿದ್ರೆ ಮಾತ್ರ ವಾಕ್ಯ ಅರ್ಥ ಆಗುತ್ತೆ, ಗೊತ್ತಿದ್ದೋನು ಕೈಪಿಡಿ ಯಾಕ್ ಓದ್ತಾನೆ. ಇನ್ನೂ ಮಜಾ ಏನಂದ್ರೆ ವಾಲ್ವಿಗೆ ನಾವು ಪುಸ್ತಕದಲ್ಲಿ ಬರೆಯೋ "ಕವಾಟ" ಅನ್ನೋ ಪದಕ್ಕೆ ಬಾಗಿಲು ಅಂತಾನೇ ಅರ್ಥ. "ಕವಾಟ ತೆರೆಯಿರಿ" ಅಂತ ಬರೆದ್ರೆ ವ್ಯಾಕರಣಕ್ಕೂ ಸರಿ ಅರ್ಥಕ್ಕೂ ಸರಿ, ಆದ್ರೆ ಮಷೀನ್ ಮುಂದೆ ಕೂತೋನು ಕವಾಟ ಎಲ್ಲಿದೆ ಅಂತ ಹುಡುಕ್ತಾನೆ.

ಚೋಕ್ ವಿಷ್ಯದಲ್ಲಿ ಇದೇ ತೊಂದ್ರೆ ಉಲ್ಟಾ ಆಗಿ ಬರುತ್ತೆ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡುವಾಗ ಕಾರ್ಬ್ಯುರೇಟರಿಗೆ (ಪೆಟ್ರೋಲು ಗಾಳಿ ಬೆರೆಸೋ ಭಾಗ) ಹೋಗೋ ಗಾಳೀನ ಚೋಕ್ ಅನ್ನೋ ಒಂದು ತಗಡು ಅಡ್ಡ ಬಂದು ತಡೆಯುತ್ತೆ, ಪೆಟ್ರೋಲಿನ ಪಾಲು ಜಾಸ್ತಿ ಆಗುತ್ತೆ. ಇಂಗ್ಲಿಷಲ್ಲಿ ಇದಕ್ಕೆ ಚೋಕ್ ಮುಚ್ಚಿ ಅಂತ ಇರುತ್ತೆ. ನಾನು ಹಾಗೇ "ಚೋಕ್ ಮುಚ್ಚಿ, ಹಗ್ಗ ಎಳೆಯಿರಿ" ಅಂತ ಬರೆದಿದ್ದೆ (ಎಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯೋ ಹಗ್ಗ). ಓದಿದ ಮೂರು ಜನರಲ್ಲಿ ಇಬ್ರು ಚೋಕ್ ಆಫ್ ಮಾಡಬೇಕು ಅಂತಾನೇ ತಿಳ್ಕೊಂಡ್ರು, ಮುಚ್ಚೋದು ಅಂದ್ರೆ ಬಂದ್ ಮಾಡೋದು ತಾನೆ. ಮಾತಲ್ಲಿ ನಾವು "ಚೋಕ್ ಹಾಕು", "ಚೋಕ್ ತೆಗಿ" ಅಂತೀವಿ, ಇಲ್ಲಿ ನೋಡಿ ತೆಗೆ ಚೆನ್ನಾಗಿ ಕೂರುತ್ತೆ, ಯಾಕಂದ್ರೆ ತೆಗೆದ್ರೂ ತೆರೆದ್ರೂ ಆಗೋದು ಒಂದೇ. ಹಾಗಾಗಿ "ಚೋಕ್ ಹಾಕಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ನಿಧಾನವಾಗಿ ಚೋಕ್ ತೆಗೆಯಿರಿ" ಅಂತ ತಿದ್ದಿದ್ದೀನಿ. ಒಂದೇ ಪುಟದಲ್ಲಿ ಚೋಕಿಗೆ ತೆಗೆ, ವಾಲ್ವಿಗೆ ತೆಗೆ ಬೇಡ ಅಂದ್ರೆ ಓದುಗರಿಗೆ ಗೊಂದಲ ಆಗುತ್ತಾ?

"ಬಿಡು" ಇನ್ನೊಂದು ತಲೆನೋವು. ಗಾಳಿ ಹೊಡಿ, ಗಾಳಿ ತುಂಬು, ಗಾಳಿ ಹಾಕು, ಇವೆಲ್ಲ ಒಳಗೆ. ಗಾಳಿ ಇಳಿಸು, ಗಾಳಿ ತೆಗಿ ಹೊರಗೆ. ಗಾಳಿ ಬಿಡು? ಟ್ಯಾಂಕಿಂದ ಹೊರಗೆ ಬಿಡೋದೂ ಹೌದು, ಪೈಪಿಗೆ ಗಾಳಿ ಬಿಡೋದೂ ಹೌದು. "ಹೋಸ್ ಕಳಚೋ ಮೊದಲು ಗಾಳಿ ಬಿಡಿ" ಅಂತ ಬರೆದಿದ್ದೆ, ಅದನ್ನ ಹೋಸಿಗೆ ಗಾಳಿ ಬಿಡಿ ಅಂತ ಓದಿದ್ರೆ ಕಥೆ ಮುಗೀತು, ಗಾಳಿ ತುಂಬಿದ ಹೋಸ್ ಕಳಚಿದ ತಕ್ಷಣ ಹಾವಿನ ಥರ ಹೊರಳಾಡಿ ಹೊಡೆಯುತ್ತೆ, ತುದೀಲಿರೋ ಲೋಹದ ಕಪ್ಲಿಂಗ್ ತಾಗಿದ್ರೆ ಹಲ್ಲೋ ಕಣ್ಣೋ ಹೋಗುತ್ತೆ. ಈಗ "ಗೇಜಿನ ಮುಳ್ಳು ಸೊನ್ನೆಗೆ ಬರುವವರೆಗೂ ಗಾಳಿ ಇಳಿಸಿ, ಆಮೇಲೆ ಹೋಸ್ ಕಳಚಿ" ಅಂತ ಮಾಡಿದ್ದೀನಿ. ಉದ್ದ ಆಯ್ತು, ಆಗ್ಲಿ.

ನೀರಿಗೆ ಬಿಡು ಬದಲು "ಬಸಿ" ಹೇಗಿದೆ ಅಂತ ಕೇಳೋಣ ಅನ್ಕೊಂಡೆ. ಬಸಿಗಾಲುವೆ ಅಂತ ಬೇಸಾಯದ ಬರಹಗಳಲ್ಲಿ ಈಗ್ಲೂ ಇದೆ, ನಿಂತ ನೀರನ್ನ ಮೆಲ್ಲಗೆ ಹೊರಗೆ ಹರಿಸೋದು ಅಂತ ಅರ್ಥ, ಡ್ರೈನ್ ವಾಲ್ವ್ ಮಾಡೋದೂ ಅದನ್ನೇ. "ಗಾಳಿ ಟ್ಯಾಂಕಿನ ನೀರು ಬಸಿಯಿರಿ" ನಂಗೆ ತುಂಬಾ ಇಷ್ಟ ಆಯ್ತು. ಇಲ್ಲಿ "ಗಾಳಿ ಟ್ಯಾಂಕು" ಅಂತ ಬಿಡಿಸಿ ಬರೆಯೋದು ಬೇಕೇ ಬೇಕು, ಯಾಕಂದ್ರೆ ಈ ಮಷೀನಲ್ಲಿ ಟ್ಯಾಂಕ್ ಎರಡು, ಇನ್ನೊಂದು ಪೆಟ್ರೋಲಿಂದು. ಗಾಳಿದು ದಿನಾ ಖಾಲಿ ಮಾಡ್ಬೇಕು, ಪೆಟ್ರೋಲಿಂದು ಮಷೀನನ್ನ ತಿಂಗಳುಗಟ್ಟಲೆ ಇಡುವಾಗ ಮಾತ್ರ, ಇಲ್ದಿದ್ರೆ ಹಳೇ ಪೆಟ್ರೋಲ್ ಕಾರ್ಬ್ಯುರೇಟರಲ್ಲಿ ಅಂಟಂಟಾಗಿ ಕಟ್ಕೊಳುತ್ತೆ. ಬರೀ "ಟ್ಯಾಂಕ್ ಖಾಲಿ ಮಾಡಿ" ಅಂದ್ರೆ ಯಾವ್ದು?

ಆಯಿಲಲ್ಲೂ ಇದೇ ಜೋಡಿ ಸಮಸ್ಯೆ. ಎಂಜಿನ್ನಿಗೆ ಒಂದು ಆಯಿಲ್, ಗಾಳಿ ಅದುಮೋ ಪಂಪಿಗೆ ಇನ್ನೊಂದು. ತುಂಬಾ ಕೈಪಿಡಿಗಳಲ್ಲಿ ಎಂಜಿನ್ನಿಗೆ 10ಡಬ್ಲ್ಯು-30 (ಆಯಿಲ್ ಎಷ್ಟು ಮಂದ ಅಂತ ಹೇಳೋ ನಂಬರು), ಪಂಪಿಗೆ ಡಿಟರ್ಜೆಂಟ್ ಇಲ್ಲದ ಎಸ್‌ಎಇ 30 ಅಥವಾ ಕಂಪ್ರೆಸರ್ ಆಯಿಲ್ ಅಂತ ಇರುತ್ತೆ. ಡಿಟರ್ಜೆಂಟ್ ಇಲ್ಲದ್ದಕ್ಕೆ ನಾನು ಮೊದ್ಲು ಬರೆದಿದ್ದು "ಮಾರ್ಜಕರಹಿತ ತೈಲ", ಓದಿದೋರು ಸೋಪು ಯಾರ್ರೀ ಹಾಕ್ತಾರೆ ಅಂದ್ರು. ಅದು ಸೋಪಲ್ಲ, ಮಸೀನ ಕೂರೋಕೆ ಬಿಡದೆ ಆಯಿಲಲ್ಲೇ ತೇಲಿಸ್ಕೊಂಡಿರೋ ಮಿಶ್ರಣ, ಎಂಜಿನ್ನಿಗೆ ಒಳ್ಳೇದು, ಪಂಪಲ್ಲಿ ನೊರೆ ಬರುತ್ತೆ, ವಾಲ್ವ್ ಪ್ಲೇಟುಗಳ ಮೇಲೆ ಕರಿ ಕಟ್ಟುತ್ತೆ. ಇಲ್ಲಿ ಅನುವಾದ ಬಿಟ್ಟು "ಡಬ್ಬಿ ಮೇಲೆ ನಾನ್ ಡಿಟರ್ಜೆಂಟ್ ಅಂತ ಬರೆದಿರೋ ಆಯಿಲ್" ಅಂತ ಹಾಕಿದ್ದೀನಿ, ಕನ್ನಡಾಭಿಮಾನಿಗಳು ಕ್ಷಮಿಸಿ.

ಇನ್ನು ನಿಘಂಟು ನೋಡಿ ಮಾಡಿದ ಎರಡು ಪಾಪ ಒಪ್ಕೊಂಡುಬಿಡ್ತೀನಿ. ರಿಲೀಫ್ ವಾಲ್ವಿಗೆ "ಪರಿಹಾರ ಕವಾಟ" ಅಂತ ಬರೆದಿದ್ದೆ, ಬರ ಪರಿಹಾರ ನೆರೆ ಪರಿಹಾರ ಥರ. ಟ್ಯಾಂಕಲ್ಲಿ ಗಾಳಿ ಮಿತಿ ಮೀರಿದ್ರೆ ತಾನಾಗೇ ತೆರ್ಕೊಂಡು ಟ್ಯಾಂಕ್ ಸಿಡಿಯದ ಹಾಗೆ ಕಾಯೋ ವಾಲ್ವ್ ಅದು, ಸೋರ್ತಾ ಇದೆ ಅಂತ ಅದಕ್ಕೆ ಬೆಣೆ ಹೊಡಿಯೋದಾಗ್ಲಿ ತಿರುಚಿ ಟೈಟ್ ಮಾಡೋದಾಗ್ಲಿ ಮಾಡಲೇಬಾರ್ದು. ಸೇಫ್ಟಿ ವಾಲ್ವ್ ಅಂತ ಬಿಟ್ಟಿದ್ದೀನಿ. ಎರಡನೇದು ಚೆಕ್ ವಾಲ್ವ್, ಅದಕ್ಕೆ "ಪರಿಶೀಲನಾ ಕವಾಟ". ಇಲ್ಲಿ ಚೆಕ್ ಅಂದ್ರೆ ಪರೀಕ್ಷೆ ಮಾಡೋದಲ್ಲ, ತಡೆ ಹಾಕೋದು, ಚೆಕ್ ಡ್ಯಾಮ್ ಅಂತೀವಲ್ಲ ಅದೇ ಚೆಕ್. ಪಂಪಿಂದ ಟ್ಯಾಂಕಿಗೆ ಹೋದ ಗಾಳಿ ವಾಪಸ್ ಬರದ ಹಾಗೆ ತಡೆಯುತ್ತೆ. ಪರಿಶೀಲನಾ ಅಂತ ಓದಿದೋರು ಟ್ಯಾಂಕ್ ತುಂಬಿರುವಾಗ್ಲೇ ಅದನ್ನ ಬಿಚ್ಚಿ ಪರಿಶೀಲಿಸೋಕೆ ಕೂತ್ರೆ? ಮತ್ತೆ ಅದೇ ಗುಂಡು. "ಹಿಂತಡೆ ವಾಲ್ವ್" ಅಂತ ಕಟ್ಟಿದ್ದೀನಿ, ನಾನ್ ರಿಟರ್ನ್ ಅಂತ ಹೇಳೋರೂ ಇದ್ದಾರೆ, ಯಾವ್ದು ವಾಸಿ?

ಅನ್‌ಲೋಡರ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಕರೆಂಟಿನ ಕಂಪ್ರೆಸರಲ್ಲಿ ಟ್ಯಾಂಕ್ ತುಂಬಿದ್ರೆ ಸ್ವಿಚ್ಚೇ ಮೋಟರ್ ನಿಲ್ಲಿಸುತ್ತೆ, ಪೆಟ್ರೋಲ್ ಎಂಜಿನ್ನನ್ನ ಹಾಗೆ ಪದೇ ಪದೇ ನಿಲ್ಸಿ ಹೊತ್ತಿಸೋಕಾಗಲ್ಲ. ಅದಕ್ಕೆ ಟ್ಯಾಂಕ್ ತುಂಬಿದಾಗ ಪಂಪಿನ ಗಾಳೀನ ಹೊರಗೆ ಬಿಟ್ಟು ಎಂಜಿನ್ನಿನ ಓಟ ತಗ್ಗಿಸಿ ಸುಮ್ನೆ ಓಡೋ ಹಾಗೆ ಮಾಡೋ ವಾಲ್ವ್ ಇದು. ಸ್ಟಾರ್ಟ್ ಮಾಡುವಾಗ್ಲೂ ಇದರ ಲಿವರ್ ಎತ್ತಿಟ್ರೆ ಪಂಪಿನ ಭಾರ ಇಲ್ದೆ ಹಗ್ಗ ಹಗುರಾಗಿ ಬರುತ್ತೆ. ಅನ್‌ಲೋಡ್ ಅಂದ್ರೆ ನಮ್ಗೆ ಲಾರಿಯಿಂದ ಮೂಟೆ ಇಳಿಸೋದೇ ನೆನಪಾಗೋದು, ಆದ್ರೆ ಯೋಚಿಸಿದ್ರೆ ಇದೂ ಎಂಜಿನ್ನಿನ ಬೆನ್ನಿಂದ ಹೊರೆ ಇಳಿಸೋದೇ. "ಹೊರೆಯಿಳಿ ವಾಲ್ವ್" ಅಂದ್ರೆ ಕಿವಿಗೆ ಹೇಗಿದೆ?

ಕೊನೆಗೆ ಮಷೀನಿನ ಹೆಸರು. ಇಂಗ್ಲಿಷ್ ಕೈಪಿಡೀಲಿ ಗ್ಯಾಸ್ ಅಂತಿದೆ, ಅಮೆರಿಕದೋರು ಗ್ಯಾಸೊಲೀನನ್ನ, ಅಂದ್ರೆ ಪೆಟ್ರೋಲನ್ನ ಹಾಗಂತಾರೆ. ನಮ್ಗೆ ಗ್ಯಾಸ್ ಅಂದ್ರೆ ಸಿಲಿಂಡರಿಂದು, ಇಲ್ಲಾ ಹೊಟ್ಟೇದು. ಇದನ್ನ "ಅನಿಲಚಾಲಿತ ವಾಯುಸಂಪೀಡಕ" ಅಂತ ಮಾಡಿರೋದನ್ನೂ ನೋಡ್ದೆ. ಸಂಸ್ಕೃತದಲ್ಲಿ ಅನಿಲ ಅಂದ್ರೆ ಗಾಳೀನೇ, ನಮ್ಮ ಕಾವ್ಯಗಳಲ್ಲಿ ಭೀಮ ಅನಿಲಸುತ. ಆ ಲೆಕ್ಕದಲ್ಲಿ ಇದು ಗಾಳಿಯಿಂದ ಓಡಿ ಗಾಳಿ ಅದುಮೋ ಮಷೀನು! ಇಂಥದ್ದಿದ್ರೆ ಪೆಟ್ರೋಲ್ ಖರ್ಚೇ ಇರ್ತಿರ್ಲಿಲ್ಲ. ಪೆಟ್ರೋಲ್ ಕಂಪ್ರೆಸರ್ ಅಂತ ಬರೆದೆ, ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕ್ಬೇಡಿ, ಆಫ್ ಮಾಡಿ ತಣ್ಣಗಾದ ಮೇಲೆ ಹಾಕಿ ಅನ್ನೋ ಎಚ್ಚರಿಕೇನೂ ಆಗ ತಾನಾಗೇ ಅರ್ಥ ಆಗುತ್ತೆ.

ಗಾಳಿ ಅನ್ನೋ ಪದವೇ ಮೋಸ ಮಾಡೋ ಇನ್ನೊಂದು ಜಾಗ ಇದೆ. "ಗಾಳಿಯಾಡುವ ಜಾಗದಲ್ಲಿ ಬಳಸಿ" ಅಂತ ಎಲ್ಲ ಕೈಪಿಡೀಲೂ ಇರುತ್ತೆ. ಶೆಡ್ಡಿನ ಬಾಗ್ಲು, ಕಿಟಕಿ ತೆಗೆದಿಟ್ರೆ ಗಾಳಿ ಆಡುತ್ತಲ್ಲ, ಅಲ್ಲೇ ಇಟ್ಕೊಂಡು ಓಡಿಸ್ತಾರೆ. ಎಂಜಿನ್ ಉಗುಳೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಬಾಗ್ಲು ತೆಗೆದಿದ್ರೂ ಒಳಗೆ ಸೇರ್ಕೊಳುತ್ತೆ, ತಲೆನೋವು ವಾಕರಿಕೆ ಬಂದು ಏನೋ ಸುಸ್ತು ಅನ್ಕೊಳ್ಳೋ ಹೊತ್ತಿಗೆ ಪ್ರಜ್ಞೆ ತಪ್ಪಿರುತ್ತೆ. "ಹೊಗೆ" ಅಂತ ಬರೆದ್ರೂ ತಪ್ಪು, ಹೊಗೆ ಕಾಣ್ತಿಲ್ವಲ್ಲ ಅಂತಾರೆ. "ಹೊರಗೆ ಬಯಲಲ್ಲಿ ಮಾತ್ರ ಓಡಿಸಿ, ಬಾಗಿಲು ಕಿಟಕಿಯಿಂದ ದೂರ ಇಡಿ, ಕಣ್ಣಿಗೂ ಮೂಗಿಗೂ ಗೊತ್ತಾಗದ ವಿಷಗಾಳಿ ಬರುತ್ತೆ" ಅಂತ ಮಾಡಿದ್ದೀನಿ. ಇದು ಸಾಕಾ ಅಥವಾ ಕಾರ್ಬನ್ ಮಾನಾಕ್ಸೈಡ್ ಅಂತ ಹೆಸರೂ ಬೇಕಾ?

ಹಾಂ, "ಒತ್ತಡ" ಮರೆತಿದ್ದೆ. "ಒತ್ತಡವಿದ್ದಾಗ ಯಂತ್ರವನ್ನು ಮುಟ್ಟಬೇಡಿ" ಅನ್ನೋದನ್ನ ಒಬ್ರು ಟೆನ್ಷನಲ್ಲಿದ್ದಾಗ ಕೆಲಸ ಮಾಡ್ಬೇಡಿ ಅಂತ ಓದ್ಕೊಂಡ್ರು, ಸಲಹೆ ಕೆಟ್ಟದೇನಲ್ಲ.

ಸದ್ಯಕ್ಕೆ ಡ್ರೈನ್ ವಾಲ್ವಿನ ವಾಕ್ಯ ಹೀಗಿದೆ: "ಮುಳ್ಳು 10 ಪಿಎಸ್ಐ ಹತ್ತಿರ ಬಂದ ಮೇಲೆ, ಗಾಳಿ ಟ್ಯಾಂಕಿನ ತಳದ ವಾಲ್ವನ್ನು ನಿಧಾನವಾಗಿ ತಿರುಗಿಸಿ ಸಡಿಲ ಮಾಡಿ ನೀರು ಬಸಿಯಿರಿ, ಪೂರ್ತಿ ಬಿಚ್ಚಬೇಡಿ." ತೆಗೆ, ತೆರೆ, ಬಿಡು ಮೂರೂ ತಪ್ಪಿಸಿದ್ದೀನಿ. "ಸಡಿಲ ಮಾಡಿ" ಅನ್ನೋದು ನಿಮ್ಮ ಕಡೆಯ ಮಾತಲ್ಲಿ ಬಿಚ್ಚೋದಕ್ಕೂ ಬಳಕೆ ಆಗುತ್ತಾ, ಹಾಗೇನಾದ್ರೂ ಇದ್ರೆ ದಯವಿಟ್ಟು ಈಗ್ಲೇ ಹೇಳಿ, ಅಚ್ಚಿಗೆ ಹೋಗೋದು ಇನ್ನೂ ಇದೆ.