ಮಾಯಾವಿಯನ್ನು ‘ಕೌಂಟರ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡೋಟಾ 2 ಎಂಬ ಕಂಪ್ಯೂಟರ್ ಆಟದಲ್ಲಿ ಇನ್‌ವೋಕರ್ ಎಂಬ ಪಾತ್ರವನ್ನು ಎದುರಿಸುವುದು ಹೇಗೆಂದು ಹೊಸಬರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಐದೈದು ಜನರ ಎರಡು ತಂಡ, ಮೂರು ದಾರಿ, ಎದುರಾಳಿಯ ನೆಲೆಯಲ್ಲಿರುವ ಮುಖ್ಯ ಕಟ್ಟಡ ಕೆಡವಿದವರಿಗೆ ಗೆಲುವು. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಬರೆಯುತ್ತಾ ಹೋದಂತೆ, ಎದುರಾಳಿಗೆ ಕೊಡುವ ಬಗೆಬಗೆಯ ಉತ್ತರಗಳಿಗೆಲ್ಲ ಪುಟದ ತುಂಬ ‘ಕೌಂಟರ್’ ಎಂಬ ಒಂದೇ ಪದ. ಆಡುವವರ ಬಾಯಲ್ಲಿ ‘ಅವನಿಗೆ ಕೌಂಟರ್ ಏನು’, ‘ಕೌಂಟರ್ ಪಿಕ್ (ಅವನಿಗೆ ಉತ್ತರವಾಗಿ ಆರಿಸುವ ಪಾತ್ರ) ತಗೋ’, ‘ಚೆನ್ನಾಗಿ ಕೌಂಟರ್ ಮಾಡಿದೆ’ ಎಂದು ಅದು ಸಲೀಸಾಗಿ ಓಡುತ್ತದೆ. ಆದರೆ ಈ ಮೂರೂ ಒಂದೇ ಕೆಲಸವಲ್ಲ. ಒಂದೊಂದಕ್ಕೂ ಕನ್ನಡದಲ್ಲಿ ಬೇರೆ ಮಾತು ಆಗಲೇ ಇದೆ, ಒಂದೇ ಪದ ಹುಡುಕುವುದು ಬೇಡ ಎಂಬುದು ನನ್ನ ವಾದ. ಕೆಲವು ಕಡೆ ತೊಡಕಿದೆ, ಅಲ್ಲಿ ನಿಮ್ಮ ನೆರವು ಬೇಕು.

ಮೊದಲು ಪಾತ್ರದ ಹೆಸರು. ಮಂತ್ರಗಳನ್ನೇ ನೆಚ್ಚಿ ಕಾದುವ ಇಂಥ ಪಾತ್ರವನ್ನು ಆಟಗಾರರು ‘ಮೇಜ್’ (mage) ಎನ್ನುತ್ತಾರೆ. ಅದಕ್ಕೆ ವಿಭಕ್ತಿ ಸೇರಿದ ಕೂಡಲೇ ‘ಮೇಜಿಗೆ ಹೊಡೆಯಿರಿ’, ‘ಮೇಜಿನ ಹಿಂದೆ ನಿಲ್ಲಬೇಡಿ’ ಎಂದಾಗಿ, ಓದುವವರ ಕಣ್ಣಿಗೆ ಮರದ ಮೇಜೇ ಬರುತ್ತದೆ. ‘ಮಾಟಗಾರ’ ಎಂದರೆ ನಿಂಬೆಹಣ್ಣು, ಕುಂಕುಮ, ನಡುರಾತ್ರಿಯ ಮೂರುದಾರಿ ನೆನಪಾಗುತ್ತವೆ. ಅದೂ ಬೇಡ. ಇಡೀ ವರ್ಗಕ್ಕೆ ‘ಮಾಂತ್ರಿಕ’ ಸಾಕು. ಇನ್‌ವೋಕರ್‌ನಂತೆ ಯಾಮಾರಿಸುವವನಿಗೆ ಮಾತ್ರ ‘ಮಾಯಾವಿ’ ಎನ್ನಬೇಕು. ಮೋಡದ ಮರೆಯಿಂದ ಬಾಣ ಬಿಡುವ ಇಂದ್ರಜಿತುವಿಗೆ ಸಲ್ಲುವ ಮಾತದು. ಇವನೂ ‘ಘೋಸ್ಟ್ ವಾಕ್’ ಎಂಬ ಮಂತ್ರ ಹಾಕಿ ಕಣ್ಮರೆಯಾಗುತ್ತಾನೆ, ಹತ್ತಿರ ಬಂದವರ ನಡಿಗೆಯನ್ನು ನಿಧಾನ ಮಾಡುತ್ತಾನೆ.

ಇವನ ಕೈಚಳಕವನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಪದಗಳ ವ್ಯತ್ಯಾಸ ತಿಳಿಯುವುದಿಲ್ಲ. ಕ್ವಾಸ್, ವೆಕ್ಸ್, ಎಕ್ಸಾರ್ಟ್ ಎಂಬ ಮೂರು ಬಗೆಯ ಗೋಳಗಳು. ಅವುಗಳಲ್ಲಿ ಮೂರನ್ನು ಬೇಕಾದಂತೆ ಕೂಡಿಸಿದರೆ ಒಟ್ಟು 10 ಮಂತ್ರಗಳು. ಒಮ್ಮೆಗೆ ಕೈಯಲ್ಲಿ ಎರಡೇ ಇರುತ್ತವೆ; ಮೂರನೆಯದನ್ನು ಕರೆದರೆ ಹಳೆಯದು ಕೈಬಿಟ್ಟುಹೋಗುತ್ತದೆ. ಆ ಎರಡು ಯಾವುವು ಎಂದು ಊಹಿಸುವುದರಲ್ಲೇ ಎದುರಿನವರ ಅರ್ಧ ಆಟವಿದೆ. ಅವನ ಮೈಸುತ್ತ ತೇಲುವ ಗೋಳಗಳ ಬಣ್ಣ ನೋಡಿ ಪಳಗಿದವರು ಲೆಕ್ಕ ಹಾಕುತ್ತಾರೆ. ಅವನೂ ಪಳಗಿದವನಾದರೆ ಮಂತ್ರ ಕರೆದ ಮೇಲೆ ಗೋಳಗಳನ್ನು ಬದಲಿಸಿ ದಿಕ್ಕು ತಪ್ಪಿಸುತ್ತಾನೆ.

ಈಗ ‘ಕೌಂಟರ್’. ಆಟದೊಳಗಿನ ಅಂಗಡಿಯಿಂದ ಕೊಂಡು ಇಟ್ಟುಕೊಳ್ಳುವ ಉತ್ತರಕ್ಕೆ ‘ಪ್ರತ್ಯಸ್ತ್ರ’ ಹೇಳಿ ಮಾಡಿಸಿದಂತಿದೆ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ಸರ್ಪಾಸ್ತ್ರಕ್ಕೆ ಗರುಡಾಸ್ತ್ರ ಎಂಬುದನ್ನು ತಾಳಮದ್ದಳೆ ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಲ್ಯಾಕ್ ಕಿಂಗ್ ಬಾರ್ ಎಂಬ ಆಯುಧವನ್ನು ಸರಿಯಾದ ಹೊತ್ತಿಗೆ ಬಳಸಿದವನನ್ನು ಇನ್‌ವೋಕರ್‌ನ ಸುಂಟರಗಾಳಿ ಎತ್ತಲಾರದು. ‘ಪ್ರತಿಮಂತ್ರ’ ಎಂಬ ಪದವನ್ನು ಮಾತ್ರ ಬೇರೆಯಾಗಿ ಎತ್ತಿಡಬೇಕು. ಆ್ಯಂಟಿ-ಮೇಜ್ ಎಂಬ ಪಾತ್ರದ ‘ಕೌಂಟರ್‌ಸ್ಪೆಲ್’ಗೆ ಅದು ಬೇಕು. ತನ್ನ ಮೈಮೇಲೆ ನೇರವಾಗಿ ಹಾಕಿದ ಮಂತ್ರವನ್ನು ಹಾಕಿದವನಿಗೇ ತಿರುಗಿಸುವ ಶಕ್ತಿ ಅದು. ಹೊಸಬರು ಎಡವುವುದು ಇಲ್ಲೇ. ಇನ್‌ವೋಕರ್‌ನ ಹತ್ತರಲ್ಲಿ ಎದುರಾಳಿಯೊಬ್ಬನನ್ನು ಆರಿಸಿ ಹಾಕುವುದು ‘ಕೋಲ್ಡ್ ಸ್ನ್ಯಾಪ್’ ಒಂದೇ. ಉಲ್ಕೆ, ಸುಂಟರಗಾಳಿ, ಬಿಸಿಲೇಟು ಎಲ್ಲ ನೆಲಕ್ಕೋ ದಿಕ್ಕಿಗೋ ಬಿಡುವಂಥವು. ಪ್ರತಿಮಂತ್ರ ಅವುಗಳನ್ನು ಮುಟ್ಟುವುದಿಲ್ಲ. ಆದ್ದರಿಂದ ‘ಮೈಮೇಲೆ ಹಾಕುವ ಮಂತ್ರ’, ‘ನೆಲಕ್ಕೆ ಹಾಕುವ ಮಂತ್ರ’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಜೋಡಿ ಯಾರಿಗಾದರೂ ಹೊಳೆದರೆ ತಿಳಿಸಿ.

ನನಗೆ ತುಂಬ ಇಷ್ಟವಾದದ್ದು ‘ಹುಸಿಗೊಳಿಸು’. ಬಿಸಿಲೇಟು ಎಂದೆನಲ್ಲ, ಅದು ‘ಸನ್ ಸ್ಟ್ರೈಕ್’. ಅವನು ಎಲ್ಲೇ ನಿಂತು ನಕ್ಷೆಯ ಯಾವ ಮೂಲೆಗಾದರೂ ಬಿಡಬಹುದು, 1.7 ಸೆಕೆಂಡ್ ಕಳೆದು ಆಕಾಶದಿಂದ ಬೀಳುತ್ತದೆ. ಬೀಳುವ ಜಾಗದ ಗುರುತು ಅವನ ತಂಡಕ್ಕೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಅರೆಜೀವದಲ್ಲಿ ನೆಲೆಯತ್ತ ನೇರ ಓಡುವವನಿಗಿಂತ ಎರಡು ಹೆಜ್ಜೆ ಮುಂದಕ್ಕೆ ಗುರಿಯಿಡುವುದು ಇನ್‌ವೋಕರ್‌ನ ರೂಢಿ. ಓಡುವವನು ತಟ್ಟನೆ ನಿಂತು ಪಕ್ಕದ ಮರಗಳತ್ತ ಹೊರಳಿದರೆ ಏಟು ಬರೀ ನೆಲಕ್ಕೆ. ಇದನ್ನು ‘ತಪ್ಪಿಸಿಕೊಂಡ’ ಎಂದರೆ ಓಡಿದವನ ಕಥೆಯಷ್ಟೇ ಆಯಿತು. ‘ಏಟು ಹುಸಿಗೊಳಿಸಿದ’ ಎಂದರೆ ಹೊಡೆದವನ ಕಥೆಯೂ ಬಂತು: ಅವನ ಮಂತ್ರ ವ್ಯರ್ಥವಾಯಿತು, ಅದು ಮತ್ತೆ ಸಿಗುವವರೆಗೆ ಅವನು ಕಾಯಬೇಕು, ತಿರುಗಿ ಬೀಳಲು ನಮಗೆ ಅದೇ ಹೊತ್ತು. ‘ಗುರಿ ಹುಸಿಹೋಯಿತು’ ಎಂಬ ಬಳಕೆ ಹಳೆಯದು. ನನ್ನ ಅನುಮಾನ ಇಷ್ಟೆ: ಪತ್ರಿಕೆಗಳಲ್ಲಿ ‘ನಿರೀಕ್ಷೆ ಹುಸಿಗೊಳಿಸಿದ ಬಜೆಟ್’ ಎಂದು ಓದಿ ಓದಿ, ಹುಸಿಗೊಳಿಸುವುದೆಂದರೆ ತಪ್ಪು ಮಾಡಿದಂತೆ ಎಂಬ ಭಾವ ಗಟ್ಟಿಯಾಗಿಬಿಟ್ಟಿದೆಯೇ? ಮೆಚ್ಚುಗೆಯ ಮಾತಾಗಿ ಬಳಸಿದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ?

ಇನ್ನೊಂದು ಬಗೆಯ ಉತ್ತರವಿದೆ, ಅದಕ್ಕೆ ನನ್ನ ಬಳಿ ಹೆಸರಿಲ್ಲ. ಬಿಸಿಲೇಟಿನ ಪೆಟ್ಟು ಆ ಜಾಗದಲ್ಲಿರುವವರಿಗೆಲ್ಲ ಹಂಚಿಹೋಗುತ್ತದೆ. ಆಗ ಒಟ್ಟಿಗೆ ನಿಲ್ಲುವುದೇ ಲೇಸು. ಅವನ ‘ಇಎಂಪಿ’ ಎಂಬ ಮಂತ್ರ ಹಾಗಲ್ಲ, ಅದು ಸಿಡಿದಾಗ ಒಳಗಿದ್ದವರೆಲ್ಲರ ಮಂತ್ರಶಕ್ತಿಯನ್ನೂ ಸುಡುತ್ತದೆ, ಆಗ ಚದುರಬೇಕು. ಇಲ್ಲಿ ಆಯುಧವಿಲ್ಲ, ಮಂತ್ರವಿಲ್ಲ, ನಿಲ್ಲುವ ರೀತಿಯೇ ಉತ್ತರ. ಅಶ್ವತ್ಥಾಮ ನಾರಾಯಣಾಸ್ತ್ರ ಬಿಟ್ಟಾಗ ಆಯುಧ ಕೆಳಗಿಟ್ಟು ರಥದಿಂದ ಇಳಿಯಿರಿ ಎಂದು ಕೃಷ್ಣ ಹೇಳಿದ್ದೂ ಇದೇ ಜಾತಿಯ ಉಪಾಯ. ‘ಶಮನ’ ಎಂದು ಬರೆದು ನೋಡಿದೆ, ಕೆಮ್ಮಿನ ಔಷಧಿಯ ನೆನಪಾಗಿ ಅಳಿಸಿದೆ. ಪ್ರಸಂಗ ಸಾಹಿತ್ಯ ಬಲ್ಲವರು ಇದಕ್ಕೊಂದು ಮಾತು ಸೂಚಿಸಬೇಕು.

ಕೊನೆಯದು ‘ಸೈಲೆನ್ಸ್’. ಆರ್ಕಿಡ್ ಎಂಬ ಆಯುಧ ಎದುರಾಳಿಯನ್ನು 5 ಸೆಕೆಂಡ್ ಮಂತ್ರ ಹಾಕದಂತೆ ತಡೆಯುತ್ತದೆ. ಮಂತ್ರವನ್ನೇ ನಂಬಿದ ಇನ್‌ವೋಕರ್‌ಗೆ ಅಷ್ಟು ಹೊತ್ತು ಕೈಕಟ್ಟಿದಂತೆ. ‘ವಾಕ್‌ಸ್ತಂಭನ’ ನಿಖರವಾದ ಪದ, ತಂತ್ರಶಾಸ್ತ್ರದ್ದು. ಆದರೆ ಆಟದ ನಡುವೆ ಮೈಕಿನಲ್ಲಿ ಕೂಗಲು ತೀರಾ ಭಾರ. ‘ಅವನ ಬಾಯಿ ಕಟ್ಟು’ ಎಂದರೆ ತಟ್ಟನೆ ತಿಳಿಯುತ್ತದೆ. ತೊಡಕೆಂದರೆ ‘ಸಕ್ಕರೆ ಕಾಯಿಲೆ ಬಂದಮೇಲೆ ಬಾಯಿ ಕಟ್ಟಿದ್ದಾರೆ’ ಎಂಬ ಊಟದ ಪಥ್ಯದ ಅರ್ಥವೂ ಅದಕ್ಕಿದೆ. ಇನ್ನೊಬ್ಬರ ಬಾಯಿ ಕಟ್ಟುವುದು, ತನ್ನ ಬಾಯಿ ಕಟ್ಟುವುದು ಎಂಬಷ್ಟರಲ್ಲೇ ಅರ್ಥ ಬೇರೆಯಾಗುತ್ತದೆ ಎಂದು ನಂಬಿ ಇಟ್ಟುಕೊಂಡಿದ್ದೇನೆ. ಮಂತ್ರ ಹಾಕಿ ನಾಯಿಯ ಬಾಯಿ ಕಟ್ಟುವುದು, ಚಿರತೆಯ ಬಾಯಿ ಕಟ್ಟುವುದು ಎಂಬ ಮಾತು ನಿಮ್ಮ ಕಡೆ ಇದ್ದರೆ, ಯಾವ ಊರ ಕಡೆಯ ಬಳಕೆ, ಯಾವ ರೂಪದಲ್ಲಿ ಹೇಳುತ್ತಾರೆ ಎಂದು ದಯವಿಟ್ಟು ಬರೆಯಿರಿ.